ಎಂಟು ಎಳೆ

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿ.
ಅಪ್ಪ ಮೂಗುತಿ ಮಾಡುತ್ತಿದ್ದ ಮಣೆಯ ಮೇಲೇ
ನಾನು ಮೋಟರಿನ ಡ್ರೈವುಗಳನ್ನು ಬಿಚ್ಚಿ ಹರಡುತ್ತೇನೆ.
ಊದುಗೊಳವೆ ಇನ್ನೂ ಮೊಳೆಯಲ್ಲಿ ನೇತಾಡುತ್ತಿದೆ.
ಬಿಳಿಗಾರದ ಡಬ್ಬಿಯಲ್ಲಿ ಈಗ ಸ್ಕ್ರೂಗಳು.

ಕೆಳಗಿನ ಖಾನೆ ಎಳೆದರೆ ಹಳೆಯ ಕಾಲ.
ಹೆಬ್ಬೆರಳ ಗಾತ್ರದ ಡಯೋಡು,
ಒಂದು ಕೈಲಿ ಎತ್ತಲಾಗದ ಕಪ್ಪು ಅಲ್ಯೂಮಿನಿಯಂ ರೆಕ್ಕೆ,
ಅದಕ್ಕೆ ಬೋಲ್ಟು ಬಿಗಿದು ಕೂರಿಸಿದ ಟ್ರಾನ್ಸಿಸ್ಟರು,
ನಡುವೆ ಅಭ್ರಕದ ಹಾಳೆ, ಎಲೆಗೆ ಸವರಿದ ಸುಣ್ಣದಂತೆ ಬಿಳಿ ಲೇಪ.
ಆಗ ಸತ್ತದ್ದನ್ನು ಮಾತ್ರ ಬದಲಿಸುತ್ತಿದ್ದೆ.
ಯಾವುದು ಸತ್ತಿದೆ ಎಂದು
ಮೂಸಿ ನೋಡಿಯೇ ಹೇಳುತ್ತಿದ್ದೆ.

ಮೇಲಿನ ಖಾನೆ ಎಲ್ಲವೂ ಒಂದೇ ಸೂರಿಗೆ ಬಂದ ಕಾಲದ್ದು.
ಬಟ್ಟೆ ಸೋಪಿನಷ್ಟು ಪೆಟ್ಟಿಗೆ:
ತಳಕ್ಕೆ ತಾಮ್ರ, ಅದರ ಮೇಲೆ ಪಿಂಗಾಣಿ,
ಪಿಂಗಾಣಿಗೆ ಅಂಟಿ ಮತ್ತೆ ತಾಮ್ರ,
ಅದಕ್ಕೆ ಬೆಸೆದು ಉಗುರಿನಷ್ಟು ಸಿಲಿಕಾನು.
ಎಲ್ಲದರ ಮೇಲೆ ತಾಟಿನಿಂಗಿನಂಥ ತಿಳಿ ಅಂಟು.
ಬೆರಳಿಟ್ಟರೆ ನಡುಗುತ್ತದೆ, ಹರಿಯುವುದಿಲ್ಲ.

ಹೋದ ಮಂಗಳವಾರ ಶಮೀಮುನ್ನೀಸಾ
ಗೋಣಿಚೀಲದಲ್ಲಿ ಡ್ರೈವು ಹೊತ್ತು ತಂದರು.
"ನಾಲ್ಕು ಬೇಸಿನ್ನೂ ನಿಂತೋಗಿದೆ ಆಚಾರಿ,
ಗೂಡು ಬೆಂದು ಕೂತಿದೆ, ಏನಾದ್ರೂ ಮಾಡು."
ಮಾಡ್ಯೂಲಿನ ಮುಚ್ಚಳ ಬ್ಲೇಡಿನಿಂದ ಸೀಳಿದೆ,
ಅಂಟನ್ನು ಚಮಚದಲ್ಲಿ ಬಳಿದು ತೆಗೆದೆ.
ಸಿಲಿಕಾನಿನಿಂದ ತಾಮ್ರಕ್ಕೆ
ಸಣ್ಣ ಕಮಾನುಗಳಂತೆ ಅಲ್ಯೂಮಿನಿಯಂ ತಂತಿಗಳು, ಎಂಟು.
ಏಳು ಕರಗಿ ಮುತ್ತಾಗಿದ್ದವು.
ಒಂದು ಮಾತ್ರ ಕರಗಿರಲಿಲ್ಲ,
ಬುಡ ಬಿಟ್ಟು ಸುಮ್ಮನೆ ಎದ್ದು ನಿಂತಿತ್ತು.

ನಾನಿನ್ನೂ ಭೂತಗನ್ನಡಿ ಹುಡುಕುತ್ತಿದ್ದೆ.
ಮೂವತ್ತೆಂಟು ವರ್ಷ ಕುದಿನೀರಲ್ಲಿ ಎಳೆಯ ತುದಿ ಹುಡುಕಿ
ಬೆಳ್ಳಗೆ ಸುಕ್ಕಾದ ಬೆರಳು ನೇರ ಅಲ್ಲಿಗೇ ಹೋಯಿತು.
"ಮೊದಲು ಕಿತ್ತಿದ್ದು ಇದು.
ಇದರ ಭಾರ ಮಿಕ್ಕವು ಹೊತ್ಕೊಂಡ್ವು, ಹೊರಲಾರದೆ ಸುಟ್ಟೋದ್ವು.
ನಮ್ಮಲ್ಲೂ ಎಂಟು ಗೂಡಿಗೆ ಒಂದು ನೂಲು.
ಒಂದು ಮುಗಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಇನ್ನೊಂದು ಹಚ್ಚಬೇಕು.
ಇಲ್ಲಿ ಹಚ್ಚೋರು ಯಾರೂ ಇರಲಿಲ್ಲವಾ?"

ಇರಲಿಲ್ಲ. ಒಳಗೆ ಯಾರೂ ಇರುವುದಿಲ್ಲ.
ತ್ರೀ ಫೇಸ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ.
ಬಿಸಿಗೆ ತಾಮ್ರ ಒಂದಷ್ಟು ಹಿಗ್ಗುತ್ತದೆ, ಪಿಂಗಾಣಿ ಬೇರೊಂದಷ್ಟು,
ಆರಿದಾಗ ಕುಗ್ಗುವುದೂ ಹಾಗೆಯೇ,
ಒಂದೇ ಹಾಸಿಗೆಯಲ್ಲಿ ಹೊದಿಕೆ ಎಳೆದಾಡುವವರಂತೆ.
ಸಾವಿರ ಸಲ, ಲಕ್ಷ ಸಲ.
ಒಂದು ದಿನ ತಂತಿಯ ಬುಡದಲ್ಲಿ ಕೂದಲಿನಷ್ಟು ಬಿರುಕು.

ಪೀಣ್ಯದ ಹುಡುಗ ತಂದುಕೊಟ್ಟ ಹೊಸದರಲ್ಲಿ
ತಂತಿಯೇ ಇಲ್ಲ.
ಸಿಲಿಕಾನಿನ ಜಾಗದಲ್ಲಿ ಸಿಲಿಕಾನ್ ಕಾರ್ಬೈಡು,
ಅದರ ಮೇಲೆ ಅಗಲಕ್ಕೂ ಮಲಗಿದ ತಾಮ್ರದ ಪಟ್ಟಿ.
ಬೆಸುಗೆಯೂ ಇಲ್ಲ. ಬೆಳ್ಳಿಯ ನುಣ್ಣನೆ ಪುಡಿ ಹರಡಿ
ಕಾಯಿಸಿ ಒತ್ತಿದರೆ ಕರಗದೆಯೇ ಕೂಡಿಕೊಳ್ಳುತ್ತದಂತೆ.
ಬೆಳ್ಳಿ ಕರಗದೆ ಕೂಡುವುದೇ!
ಅಪ್ಪ ಇದ್ದಿದ್ದರೆ ಕೊಳವೆ ಕೆಳಗಿಟ್ಟು
ಆ ಹುಡುಗನ ಮುಖವನ್ನೊಮ್ಮೆ ನೋಡುತ್ತಿದ್ದ.
ಅವನ ತಕ್ಕಡಿಯಲ್ಲೇ ತೂಗಿದೆ.
ಹಳೆಯ ರೆಕ್ಕೆಗಿರಲಿ, ಅದರ ಬೋಲ್ಟುಗಳಿಗೂ ಸಮವಿಲ್ಲ.

ತಿರುಗಿಸಿ ನೋಡಿದೆ. ಕಪ್ಪು ರಾಳದ ಒಂದೇ ಅಚ್ಚು,
ಮುಚ್ಚಳವಿಲ್ಲ, ಸಂದಿಲ್ಲ.
ಬ್ಲೇಡು ಇಡಲು ಎಲ್ಲೂ ಜಾಗವಿಲ್ಲ.

ಅದಕ್ಕೆ ಹೊಂದುವ ಡ್ರೈವನ್ನೇ ತರಿಸಿ
ಬುಧವಾರ ಸಂಜೆ ಅವರ ಮನೆಯಲ್ಲಿ ಕೂರಿಸಿದೆ.
ಹಳೆಯದು ಸೊಳ್ಳೆಯಂತೆ ಕೂಗುತ್ತಿತ್ತು,
ಇದರ ಕೂಗು ಕಿವಿಯ ಆಚೆಗೆ.
ರಾಟೆ ತಿರುಗಿತು. ನೀರು ಕುದಿಯುವ ಸದ್ದು
ಇಷ್ಟು ಜೋರೆಂದು ಅವತ್ತೇ ತಿಳಿದದ್ದು.

"ಕೆಡೋಕೆ ಮುಂಚೆ ಅದರ ಕೂಗು ಬದಲಾಗ್ತಿತ್ತು," ಎಂದರು.
"ಇದು ಕೆಡ್ತಿದೆ ಅಂತ ಹೆಂಗೆ ಗೊತ್ತಾಗತ್ತೆ?"
ಇದು ಅಷ್ಟು ಬೇಗ ಕೆಡೋದಿಲ್ಲವಂತೆ, ಎಂದೆ.
"ಅಂತೆ," ಎಂದರು ಶಮೀಮುನ್ನೀಸಾ,
ಕಣ್ಣೆತ್ತದೆ,
ಕುದಿನೀರಿಗೆ ಬೆರಳಿಳಿಸಿ.